ಹನ್ನೊಂದು ಮದುವೆಯ ಧಾರೆ

“ಇದು ನನ್ ಕೈಯಲ್ಲ ಕಣ್ಲಾ ಅತೀಕು!”

ಚೌಡಯ್ಯ ಪೆನ್‌ಡ್ರೈವನ್ನು ಮೇಜಿನ ಮೇಲೆ ಕುಕ್ಕಿದ. ಭಾರತೀನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಸ್ಟುಡಿಯೋದಲ್ಲಿ ಅತೀಕ್ ಒಬ್ಬನೇ ಇದ್ದ. ಮದುವೆ ವಿಡಿಯೋ ತೆಗೆಯುವವನೂ ಅವನೇ, ಕತ್ತರಿಸಿ ಕೂಡಿಸುವವನೂ ಅವನೇ, ಕೊನೆಗೆ ಬೈಸಿಕೊಳ್ಳುವವನೂ ಅವನೇ.

“ಯಾವ ಕೈಯಣ್ಣ?”

“ನಮ್ ನಯನನ್ ಮದ್ವೆ ವಿಡಿಯೋದಲ್ಲಿ ಧಾರೆ ಎರ್ಯೋ ಕೈ! ನಾನು ವಾಚ್ ಕಟ್ಟಿದ್ದೆ. ಬೀಗ್ರು ಆಕಿದ್ ಉಂಗ್ರ ಇತ್ತು. ಇದ್ರಲ್ಲಿ ಅದೂ ಇಲ್ಲ, ಇದೂ ಇಲ್ಲ. ಇರೋಳು ಒಬ್ಳೇ ಮಗ್ಳು ಕಣಪ್ಪ. ಅಪ್ಪ ಅನ್ನಿಸ್ಕೊಂಡೋನು ಮದ್ವೇಲಿ ಮಾಡೋದು ಅದೊಂದೇ ಕೆಲ್ಸ, ಅದ್ನೂ ಯಾರ್ಗೋ ಕೊಟ್ಬುಟ್ಯಲ್ಲ! ನನ್ ಕೈ ನಂಗ್ ಬೇಕು.”

ಅತೀಕ್ ನಗು ತಡೆದುಕೊಂಡು ಪೆನ್‌ಡ್ರೈವ್ ಹಾಕಿ ನೋಡಿದ. ಮೆಹಂದಿ ಹಚ್ಚಿದ ಕೈ, ಅದರಲ್ಲೊಂದು ತೆಂಗಿನಕಾಯಿ, ಮೇಲಿಂದ ಸುರಿಯುತ್ತಿರುವ ಹಾಲು. ಯಾರ ಮುಖವೂ ಕಾಣುವುದಿಲ್ಲ, ಹಿಂದೆ ಹಾಡು. ಆದರೆ ಚೊಂಬು ಹಿಡಿದ ಎರಡು ಕೈಯೂ ಹೆಂಗಸಿನವು, ಬಳೆಯಿಲ್ಲದವು. ಅತೀಕನಿಗೆ ನಗು ಇಳಿದುಹೋಯಿತು. ಆ ವರ್ಷದ ಬೇರೆ ಮದುವೆಗಳನ್ನೂ ಒಂದೊಂದಾಗಿ ತೆರೆದ. ಮದ್ದೂರಿನದು, ಮಳವಳ್ಳಿಯದು, ಸೋಮನಹಳ್ಳಿಯದು. ಹನ್ನೊಂದು ಮದುವೆಗೂ ಅದೇ ಕೈಗಳು ಧಾರೆ ಎರೆಯುತ್ತಿದ್ದವು.

“ಯಾ ಅಲ್ಲಾ! ಕೆಟ್ನಲ್ಲಣ್ಣ!”

“ಏನಾಯ್ತ್ಲಾ?”

“ಧಾರೆಗೇ ಅಂತ ಒಂದು ಚಿಕ್ ಕ್ಯಾಮ್ರಾ ಇಟ್ಟಿದ್ದೀನಿ. ಪ್ರತಿ ಮದ್ವೆ ಆದ್ಮೇಲೂ ಅದ್ರದ್ದು ಬೇರೆ ಫೋಲ್ಡರಿಗೆ ಇಳ್ಸಿ ಕಾರ್ಡ್ ಅಳಿಸ್ತೀನಿ, ಅದು ಪ್ರತಿ ಸಲಾನೂ ಒಂದರಿಂದ ನಂಬರ್ ಹಾಕ್ತದೆ. ಅಂಗಾಗಿ ಎಲ್ರ ಮನೆ ಧಾರೆ ಫೈಲಿಗೂ ಒಂದೇ ಹೆಸ್ರು. ಆಷಾಢ ಬಂತು, ಕೂಡ್ಸಾಕೆ ಕೂತೆ, ಎಲ್ಲಾನೂ ಎತ್ತಿ ಒಂದೇ ಫೋಲ್ಡರಿಗೆ ತುಂಬ್ದೆ. ‘ಇದೇ ಹೆಸ್ರಿಂದು ಆಗ್ಲೇ ಐತೆ, ಅದ್ನ ತೆಗ್ದು ಇದ್ನ ಇಡ್ಲಾ’ ಅಂತ ಕಂಪ್ಯೂಟ್ರು ಹತ್ ಸಲ ಕೇಳ್ತು. ನಾನು ಹತ್ ಸಲಾನೂ ಹೂಂ ಅಂದೆ.”

“ಅಂದ್ರೆ?”

“ಕೊನೇಲಿ ಹಾಕಿದ್ದೊಂದೇ ಉಳ್ಕೊಂಡದೆ. ಎಲ್ರ ವಿಡಿಯೋಗೂ ಅದೇ ಹೋಗಿ ಕೂತದೆ. ನಿಮ್ದು ಇಲ್ಲಣ್ಣ. ತಪ್ಪು ನಂದೇ.”

“ಮಿಕ್ಕೋರು ಯಾರೂ ಏನೂ ಅನ್ನಿಲ್ವಾ?”

“ಇಲ್ಲ. ಮಳವಳ್ಳಿಯೋರು ಧಾರೆ ಸೀನು ಬಾಳ ಚೆನ್ನಾಗೈತೆ ಅಂತ ಸ್ವೀಟ್ ಬೇರೆ ಕೊಟ್ಟೋದ್ರು.”

ಜನ ತಮ್ಮ ಮದುವೆ ವಿಡಿಯೋದಲ್ಲಿ ತಮ್ಮ ಸೀರೆ, ತಮ್ಮ ಮುಖ ನೋಡಿಕೊಳ್ಳುತ್ತಾರೆಯೇ ಹೊರತು ಕೈ ಯಾರು ನೋಡುತ್ತಾರೆ! ಚೌಡಯ್ಯ ನೋಡಿದ್ದ. ಈಗ ಇನ್ನೂ ಹತ್ತಿರಕ್ಕೆ ಬಗ್ಗಿದ.

“ನಿಲ್ಸು ಅಲ್ಲೇ.”

ಬಲಗೈ ಹೆಬ್ಬೆರಳ ಬುಡದಲ್ಲಿ ಬೆಳ್ಳಗೆ ಒಂದು ಗಾಯದ ಗುರುತಿತ್ತು. ಅಣ್ಣನ ಹೆಂಡತಿ ಇಂದ್ರಮ್ಮ ಮದುವೆಯಾಗಿ ಬಂದ ವರ್ಷ ಕಬ್ಬು ಕಡಿಯುವಾಗ ಕುಡುಗೋಲು ಜಾರಿ ಆದ ಗಾಯ. ಆಗಿನ್ನೂ ಹೈಸ್ಕೂಲಿನಲ್ಲಿದ್ದ ಚೌಡಯ್ಯನೇ ಟವೆಲು ಸುತ್ತಿ ಸೈಕಲ್ಲಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತುಳಿದಿದ್ದ. ಅಣ್ಣ ಹೋಗಿ ಈಗ ಆರು ವರ್ಷ.

“ನಮ್ಮತ್ಗೆ!” ಎಂದ. ಸಿಟ್ಟು ನೆತ್ತಿಗೇರಿತು. “ಅಣ್ಣನ್ ಮಗ್ಳು ಅರುಂಧತಿ ಮದ್ವೇಲಿ ಚಿಕ್ಕಪ್ಪ ಅಂತ ನಾನು ಎರೀಬೇಕಾಗಿತ್ತು. ‘ನೀನೇ ಎರಿ, ಚೊಂಬಿಗೆ ನಂದೂ ಒಂದ್ ಕೈ ಇರ್ಲಿ’ ಅಂದ್ಳು. ಗಂಡ ಸತ್ತೋಳು ಧಾರೆ ಚೊಂಬು ಮುಟ್ಟೋದುಂಟಾ? ಮುಟ್ಟಿದ್ರೆ ನಾನು ಆ ಮಂಟಪಕ್ಕೆ ಕಾಲಿಡಾಕಿಲ್ಲ ಅಂದೆ, ಇಡ್ಲೂ ಇಲ್ಲ. ಒಬ್ಳೇ ಎರ್ದ್ಬುಟ್ಳು. ಈಗ ನನ್ ಮಗ್ಳಿಗೂ ಅವ್ಳೇ ಎರ್ದಂಗಾಯ್ತಲ್ಲ!”

ಅತೀಕ್ ಪರದೆಯನ್ನೇ ನೋಡುತ್ತ ಕೂತ. ಆ ಮದುವೆಗೆ ಕ್ಯಾಮೆರಾ ಹಿಡಿದು ಹೋಗಿದ್ದವನು ಅವನು.

“ಸುಮ್ನೆ ಕೂತ್ಕಂಡ್ರೆ? ತೆಗ್ದಾಕು ಅದ್ನ. ನಂದು ಸಿಕ್ಕದಿದ್ರೆ ಬುಡು, ಆ ಜಾಗಕ್ಕೆ ಊವೋ ದೀಪವೋ ಏನಾರಾ ಆಕು.”

“ತೆಗೀತೀನಣ್ಣ. ಅದ್ಕೂ ಮುಂಚೆ ಮೂಲ ಫೈಲು ಒಂದ್ಸಲ ನೋಡ್ಬುಡಿ. ವಿಡಿಯೋಗೆ ಹಾಲು ಬೀಳೋದಷ್ಟೇ ಕತ್ತರಿಸಿ, ಮೇಲೆ ಹಾಡು ಹಾಕಿದ್ದೀನಿ. ಅದ್ರ ಮುಂಚಿಂದು ಬರೀ ಕಾಯೋದು ಅಂತ ಬುಟ್ಟಿದ್ದೆ.”

“ನಂಗ್ಯಾಕ್ಲಾ ಅದು?”

ಅತೀಕ್ ಹಾಡಿಲ್ಲದ ಆ ಫೈಲನ್ನು ಮೊದಲಿನಿಂದ ಹಾಕಿದ. ಮಂಟಪದ ಗದ್ದಲ, ಓಲಗ, ಮಗುವೊಂದರ ಅಳು. ಪರದೆಯ ಮೇಲೆ ಇಂದ್ರಮ್ಮನ ಬಲಗೈ ಒಂದೇ ಇತ್ತು. ಅದು ಚೊಂಬಿನ ಒಂದು ಪಕ್ಕವನ್ನಷ್ಟೇ ಹಿಡಿದು ಅಲ್ಲಾಡದೆ ನಿಂತಿತ್ತು.

“ಮುಹೂರ್ತ ಮೀರ್ತದೆ ಕಣಮ್ಮ,” ಎಂದಿತು ಪುರೋಹಿತರ ದನಿ. “ಎರೆದುಬಿಡು.”

“ಇನ್ನೊಂದ್ ಗಳ್ಗೆ ತಡೀರಿ ಅಯ್ನೋರೆ. ನಮ್ ಚೌಡ ಬತ್ತಾನೆ.”

“ಬರಲ್ಲ ಅಂದ್ನಂತಲ್ಲಮ್ಮ.”

“ಬಾಯಲ್ ಅಂದವ್ನೆ ಅಷ್ಟೇಯ. ಬರ್ದೆ ಇರಾಕಿಲ್ಲ ಅವ್ನು. ಬತ್ತಾನೆ, ತಡೀರಿ.”

ಚೌಡಯ್ಯ ಕುರ್ಚಿಯ ಬೆನ್ನು ಹಿಡಿದುಕೊಂಡ. ಆ ಕೈ ಪೂರ್ತಿ ಎರಡು ನಿಮಿಷ ಹಾಗೇ ಕಾದಿತ್ತು. ಓಲಗ ಜೋರಾಯಿತು. ಆಮೇಲೆ ಚೊಂಬಿನ ಇನ್ನೊಂದು ಪಕ್ಕಕ್ಕೂ ಒಂದು ಕೈ ಬಂತು. ಅದೂ ಅವಳದೇ.