ಪುಕ್ಕ ಹಿಡಿಯದ ಅಂಟು

ಬಾಣದ ಪುಕ್ಕ ಮತ್ತೆ ದೊಡ್ಡಣ್ಣನ ಕೈಯಲ್ಲೇ ಕಳಚಿ ಬಿತ್ತು. ವಡೋದರಾದ ಮೈದಾನದಲ್ಲಿ ಇನ್ನೇನು ಅವನ ಮಗಳು ವಿಂಧ್ಯಾಳ ಸರದಿ. ಗುರಿ ತಪ್ಪಿದರೆ ರಾಜ್ಯ ತಂಡದ ಆಸೆ ಬಿಟ್ಟು ಮನೆಗೆ ನಡೆಯಬೇಕು.

“ಇದೇನು ಸಾಮಾನ್ಯ ಅಂಟು ಅಂದ್ಕೊಂಡ್ರಾ ಜಿಗ್ನೇಶ್ ಭಾಯ್? ಗೋರ್ವಾದ ಅಂಗಡಿಗಳನ್ನೆಲ್ಲ ಜಾಲಾಡಿ ತಂದಿದ್ದು. ಹಚ್ಚಿದ್ರೆ ವಿಶ್ವಾಮಿತ್ರಿ ಹೊಳೆಯ ಮೊಸಳೇನೂ ಬಾಯಿ ತೆಗೆಯೋಕಾಗಲ್ಲ!” ಎಂದು ಅವನು ಕೋಚ್ ಎದುರು ಗುಡುಗಿದ. ಸುಳ್ಳೇನಲ್ಲ. ದೊಡ್ಡಣ್ಣ ಅಂಟು ಆರಿಸುವಷ್ಟು ಶ್ರದ್ಧೆಯಿಂದ ಲೋಕದಲ್ಲಿ ಯಾರೂ ಅಳಿಯನನ್ನೂ ಆರಿಸಿರಲಿಕ್ಕಿಲ್ಲ.

ಕೋಚ್ ಬಾಣವನ್ನು ಮೂಸಿ ನೋಡಿದ. “ಅರೇ ದೊಡ್ಡಣ್ಣಾಜೀ, ಕೊಬ್ಬರಿ ಎಣ್ಣೆ! ಎಣ್ಣೆ ಮೇಲೆ ಯಾವ ಅಂಟು ನಿಲ್ಲತ್ತೆ?” ಎಲ್ಲರ ಕಣ್ಣೂ ವಿಂಧ್ಯಾಳ ತಲೆಯತ್ತ ತಿರುಗಿದವು. ಆ ಎರಡು ಜಡೆಗಳನ್ನು ಹಿಂಡಿದರೆ ಇಡೀ ಗುಜರಾತಿಗೆ ಒಂದು ತಿಂಗಳು ಒಗ್ಗರಣೆ ಹಾಕಬಹುದಿತ್ತು. ಪ್ರತಿ ಸಲ ಪುಕ್ಕ ಅಂಟಿಸುವ ಮೊದಲು ದೊಡ್ಡಣ್ಣ, “ಗೆದ್ದು ಬಾ ಕಂದಾ,” ಎಂದು ಆ ತಲೆಯನ್ನು ಸವರುತ್ತಿದ್ದ.

ಈಗ ಅವನು ಸ್ಪಿರಿಟ್ಟಿನಲ್ಲಿ ಬಾಣವನ್ನೂ ಕೈಯನ್ನೂ ಉಜ್ಜಿ ಉಜ್ಜಿ ಒರೆಸಿ ಪುಕ್ಕ ಅಂಟಿಸಿದ. ಅದು ಕಚ್ಚಿಕೊಂಡಿತು. ಮಗಳ ಕಡೆ ತಾನಾಗಿ ಎದ್ದ ಕೈಯನ್ನು ಹಿಡಿದೆಳೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಮೈಕಿನಲ್ಲಿ ಹೆಸರು ಕೂಗಿದರು. ವಿಂಧ್ಯಾ ಬಾಣವನ್ನು ಬತ್ತಳಿಕೆಗೆ ಸೇರಿಸಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಅಪ್ಪನೆದುರು ತಲೆ ಬಗ್ಗಿಸಿ ನಿಂತಳು.

“ಅಂಟಿಸಿ ಆಯ್ತಲ್ಲ ಪಪ್ಪಾ. ಈಗ ಸವರು.”