ಕನಸಿನ ಉಳಿದರ್ಧ

"ಇದು ನಿದ್ದೆ ಮಾಡಿದ ಕೈಯಲ್ಲ, ಶಿವಮಲ್ಲು ಅವರೇ" ಎಂದು ಡಾಕ್ಟರ್ ನಗ್ಮಾ ಕಂಪ್ಯೂಟರನ್ನು ಅವನ ಕಡೆಗೆ ತಿರುಗಿಸಿದಳು. ನಾಡಿ ಅಳೆಯಲು ಹನ್ನೆರಡು ವಾರ ಅವನ ಮುಂಗೈಗೆ ಕಟ್ಟಿದ್ದ ಪಟ್ಟಿ ಬರೆದ ಗೆರೆ ಅದು. ರಾತ್ರಿ ಮೂರಕ್ಕೆ ಸರಿಯಾಗಿ ಶಿಖರದಂತೆ ಎದ್ದು, ಬೆಳಗಿನವರೆಗೂ ಇಳಿಯದೆ ನಿಂತಿತ್ತು. ಪಕ್ಕದಲ್ಲೇ ಅವನು ದಿನಾ ಎದ್ದು ತುಂಬಿದ ಪುಸ್ತಕವಿತ್ತು. ಏಳು ಗಂಟೆ ನಿದ್ದೆ, ಕನಸಿಲ್ಲ. ಏಳು ಗಂಟೆ ನಿದ್ದೆ, ಕನಸಿಲ್ಲ.

"ನಾ ಸುಳ್ ಬರ್ದಿಲ್ಲ ಮೇಡಂ."

"ಎರಡರಲ್ಲಿ ಒಂದು ಸುಳ್ಳಾಗಲೇಬೇಕಲ್ಲ ಸರ್. ಹೀಗಾದ್ರೆ ನಿಮ್ಮ ಹೆಸರನ್ನ ಅಧ್ಯಯನದಿಂದ ತೆಗೀಬೇಕಾಗುತ್ತೆ. ಮತ್ತೆ ಆ ಮಂಪರು ಮಾತ್ರೆಗಳೇ ಗತಿ."

ಶಿವಮಲ್ಲು ಕುರ್ಚಿಯಿಂದ ಎದ್ದು ನಿಂತ. "ಇಪ್ಪತ್ತೆರಡು ವರ್ಷ ಮಿಲ್ಟ್ರಿಲಿ ಬಂದೂಕ ಇಡ್ಕಂಡು ಎಚ್ಚರ ಇವ್ನಿ ಅಂದಾಗ ದೇಸ್ವೇ ನಂಬ್ತು. ಈಗ ನಿದ್ದ ಮಾಡ್ದೆ ಅಂದ್ರ ಒಬ್ರೂ ನಂಬಲ್ವ?"

ತೆರಕಣಾಂಬಿಯಿಂದ ಚಾಮರಾಜನಗರಕ್ಕೆ ಅವನು ಬಸ್ಸು ಹಿಡಿದು ಬರುತ್ತಿದ್ದುದೇ ನಿವೃತ್ತ ಸೈನಿಕರ ನಿದ್ದೆಯ ಈ ಅಧ್ಯಯನಕ್ಕೆ. ಔಷಧಿಯಿಲ್ಲದ ಚಿಕಿತ್ಸೆ. ಸಂಜೆಯ ಬೆಳಕಿರುವಾಗಲೇ ಕೂತು ಕೆಟ್ಟ ಕನಸನ್ನು ಗಟ್ಟಿಯಾಗಿ ಹೇಳಬೇಕು. ಅರ್ಧಕ್ಕೆ ಬಂದಾಗ ಕೊನೆಯನ್ನು ತನಗೆ ಬೇಕಾದಂತೆ ಬದಲಿಸಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಗಡಿಯಲ್ಲಿ ಹಿಮದ ಗುಡ್ಡ ಕುಸಿದು, ಜೊತೆಗಿದ್ದ ಹರವೆಯ ಸೋಮಣ್ಣ ಹೂತುಹೋಗಿ, ಒಂದು ಕೈ ಮಾತ್ರ ಮೇಲೆ ಉಳಿದಿತ್ತು. ಆ ಕೈಯೊಳಗಿನ ವೈರ್‌ಲೆಸ್ಸಿನ ಹಸಿರು ದೀಪ ಮಿಣುಕುತ್ತಲೇ ಇತ್ತು. ಇದು ಹಳೆಯ ಅರ್ಧ. ಹೊಸ ಅರ್ಧವನ್ನು ಶಿವಮಲ್ಲುವೇ ಕಟ್ಟಿದ್ದ. ಕೇಳುವವರಿಲ್ಲದೆ ಕನಸು ಹೇಳುವುದು ಹೇಗೆ? ಹೆಂಡತಿ ಚಿಕ್ಕನಿಂಗಮ್ಮನನ್ನು ಜಗುಲಿಯ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದ.

ಬಾಗಿಲ ಪಕ್ಕದ ಬೆಂಚಿನಲ್ಲಿದ್ದ ಆ ಚಿಕ್ಕನಿಂಗಮ್ಮ ಈಗ ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು. ಮುಂಗೈಯ ಸುತ್ತ ಏನೋ ಒತ್ತಿ ಉಜ್ಜಿದ ಒಂದು ಕಪ್ಪು ಪಟ್ಟೆ ಇತ್ತು.

"ಆ ಗೆರ ನಂದು ಕನವ್ವ. ಪಟ್ಟಿ ಕೆಳಗ ಹಸ್ರು ದೀಪ ಉರೀತದಲ್ಲ, ಅದು ಕಂಡ್ರ ಇವ್ರು ನಿದ್ದಗಣ್ಣಲ್ಲೇ ಕೈ ಒದರೋರು. ಮನಗುದ್ ಮ್ಯಾಲ ಬಿಚ್ಚಿ ನಾ ಕಟ್ಕತಿದ್ದೆ. ಕೋಳಿ ಕೂಗೊ ಹೊತ್ಗ ತಿರ್ಗ ಇವ್ರ ಕೈಗ."

"ಬಿಚ್ಚಿ ಗೂಡಲ್ಲಿ ಇಟ್ಟಿದ್ರೆ ಆಗ್ತಿತ್ತಲ್ಲಮ್ಮ!"

"ನಾಡಿ ಸಿಕ್ಕದೆ ಇದ್ರ ಲೆಕ್ಕ ಕೆಟ್ಟೋಯ್ತದ ಅಂತ ನೀವೇ ಅಂದ್ರಿ. ಒಂದೇ ಚಾಪ, ಒಂದೇ ಕಂಬ್ಳಿ. ಯಾರ್ ನಾಡಿ ಆದ್ರೇನು ಅಂದ್ಕಂಡೆ."

ನಗ್ಮಾಳಿಗೆ ನಗು ಬಂತು. ತೆರೆಯ ಮೇಲಿನ ಶಿಖರವನ್ನು ಇನ್ನೊಮ್ಮೆ ನೋಡಿದಳು, ನಗು ನಿಂತುಹೋಯಿತು. "ಮೂರು ಗಂಟೆಗೆ ನಿಮಗೇನಾಗುತ್ತಮ್ಮ?"

ಕಿಟಕಿಯಾಚೆ ಗುಂಡ್ಲುಪೇಟೆಯ ಹೂವಿನ ಲಾರಿಯೊಂದು ನಿಂತಿತ್ತು. ಅದರ ಹಳದಿ, ಬಿಸಿಲಿನ ಜೊತೆ ಒಳಬಂದು ಗೋಡೆಯ ಮೇಲೆ ತೇಲುತ್ತಿತ್ತು. ಚಿಕ್ಕನಿಂಗಮ್ಮ ಅದನ್ನೇ ನೋಡುತ್ತ ಹೇಳಿದಳು: "ಎಲ್ಲಾ ಬೆಳ್ಳಗ, ಉಪ್ ಸುರ್ದಂಗ. ಕಾಲಿಟ್ರ ಸದ್ದೇ ಇಲ್ಲ. ನಾ ಹಾಲಿನ ಕ್ಯಾನ್ ಇಡ್ಕಂಡ್ ಓಯ್ತಾ ಇವ್ನಿ. ಉಪ್ಪೊಳಗಿಂದ ಒಂದ್ ಕೈ ಎದ್ದದ. ದೀಪ ಮಿಣುಕ್ತದ. ಇಡ್ಕಳಾಕ ಬಗ್ತೀನಿ. ಅಷ್ಟೇ, ಎಚ್ಚರ ಆಯ್ತದ."

ಬಂಡೀಪುರದ ಮಂಜನ್ನು ಬಿಟ್ಟರೆ ಬೇರೆ ಮಂಜು ಕಂಡವಳಲ್ಲ ಅವಳು.

"ಅದು ನನ್ ಕನ್ಸು ಕಣಮ್ಮಿ!" ಶಿವಮಲ್ಲು ಬೆಂಚಿನ ಕಡೆಗೆ ತಿರುಗಿದ. "ಅದ್ರ ಕೊನ ಬ್ಯಾರೆ ಮಾಡಿವ್ನಲ್ಲ. ದಿನಾ ಯೋಳ್ತಿದ್ನಲ್ಲ?"

"ಕೊನ ಎಲ್ ಕೇಳ್ದೆ ನಾನು? ಕೈ ಎದ್ದದ ಅನ್ನೊ ಹೊತ್ಗ ಡೈರಿ ಗಂಟ ಹೊಡಿತಾರ. ಹಾಲ್ ಎತ್ಕಂಡ್ ಓಗ್ದೆ ಕುಂತಿದ್ರ ಬಾಗ್ಲು ಹಾಕ್ಬುಡ್ತಾರ."

ಅವಳು ಎದ್ದುಹೋದ ಮೇಲೂ ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಲೇ ಇರುತ್ತಿದ್ದ, ಬರಿಯ ಜಗುಲಿಗೆ.

"ಮೇಡಂ, ಇವ್ಳ ಹೆಸ್ರೂ ಬರ್ಕಳಿ."

"ಇದು ಸೈನಿಕರಿಗೆ ಮಾತ್ರ ಸರ್. ಫಾರಂನಲ್ಲಿ ಹೆಂಡತಿಗೆ ಕಾಲಂ ಇಲ್ಲ." ಹೇಳಿದವಳೇ ನಗ್ಮಾ ಹಾಳೆ ತಿರುವಿದಳು. ಪ್ರತಿ ವಾರದ ಕೊನೆಗೂ 'ಮನೆಯವರ ಸಹಿ' ಎಂಬಲ್ಲಿ ಚಿಕ್ಕನಿಂಗಮ್ಮ ಅಕ್ಷರ ಕೂಡಿಸಿ ಬರೆದಿದ್ದಳು, ಹನ್ನೆರಡು ಸಲ. ಅವಳ ಸಹಿಗೆ ಜಾಗವಿತ್ತು, ನಿದ್ದೆಗೆ ಇರಲಿಲ್ಲ.

"ಆ ಗುಡ್ಡ ಗಡಿಯಿಂದ ಇವ್ಳ ಚಾಪವರ್ಗೂ ಬಂದು ಕುಸ್ದದ ಮೇಡಂ. ನಿಮ್ ಫಾರಂಗ ಇನ್ನೂ ಸುದ್ದಿ ಮುಟ್ಟಿಲ್ವ?"

ನಗ್ಮಾ ಒಂದು ಖಾಲಿ ಹಾಳೆ ಎಳೆದುಕೊಂಡು ಮೇಲೆ 'ಚಿಕ್ಕನಿಂಗಮ್ಮ' ಎಂದು ಬರೆದಳು. ಶಿವಮಲ್ಲುವಿನ ಮುಂಗೈಯಿಂದ ಪಟ್ಟಿ ಬಿಚ್ಚಿ, ಈ ಸಲ ಹಾಡಹಗಲಲ್ಲಿ, ಅವಳ ಕೈಗೆ ಕಟ್ಟಿದಳು. "ಹೇಳಿ ಸರ್. ಇಲ್ಲಿ ಯಾವ ಗಂಟೆಯೂ ಹೊಡೆಯಲ್ಲ."

ಶಿವಮಲ್ಲು ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತ. "ಬಗ್ಗಿ ಕೈ ಇಡ್ಕತೀನಿ ಕಣಮ್ಮಿ. ಎಳ್ದೇಟ್ಗೆ ಉಪ್ಪೆಲ್ಲ ಹಳದಿ ಆಯ್ತಾ ಬತ್ತದ. ಉಪ್ಪಲ್ಲ ಅದು, ಚೆಂಡೂವು. ಗುಂಡ್ಲುಪೇಟ ದಾರಿಲಿ ಅದಲ್ಲ, ಕಣ್ ಮುಟ್ಟೋಗಂಟ ಚೆಂಡೂವಿನ ಹೊಲ. ನಡುವ ಸೋಮಣ್ಣ ನಿಂತವ್ನ. ಅಂವ ಕೈ ಎತ್ತುದ್ದು ಮುಳುಗೋಗಿ ಅಲ್ವಂತ ಕಣ, ಹೂವಿನ ಮಂಕ್ರಿ ತಲ ಮ್ಯಾಲಕ ಎತ್ಕೊಡೋರು ಇಲ್ದೆ. ನಾ ಎತ್ಕೊಡ್ತೀನಿ. 'ಎಲ್ಲೋಗಿದ್ಲಾ ಇಷ್ಟೊತ್ತು' ಅಂತ ಬೈತಾನ. ಬೈಕಂಡೇ ಸಾಲ್ ಇಡ್ಕಂಡು ಓಯ್ತಾನ, ಊರ್ಕಡೀಕ…"

ಮಾತು ಮುಗಿಯುವಷ್ಟರಲ್ಲಿ ಚಿಕ್ಕನಿಂಗಮ್ಮನ ತಲೆ ಅವನ ಭುಜಕ್ಕೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

"ಮೂರೂವರೆ ಬಸ್ಸು ತಪ್ಪಿದ್ರೆ ಇವತ್ತು ಡೈರಿ ಸಿಗಲ್ಲ ಸರ್" ಎಂದು ನಗ್ಮಾ ಪಿಸುಗುಟ್ಟಿದಳು.

"ತಪ್ಪೋಗ್ಲಿ ಬುಡಿ."

ಅವಳ ಮುಂಗೈಯ ಪಟ್ಟಿಯಡಿಯಿಂದ ಹಸಿರು ಬೆಳಕು ಸೋರುತ್ತಿತ್ತು. ಶಿವಮಲ್ಲು ಅದರ ಮೇಲೆ ತನ್ನ ಅಂಗೈಯನ್ನು ಮುಚ್ಚಿದ. ಬೆರಳ ಸಂದಿಯಲ್ಲಿ ಅದು ಮಿಣುಕಿತು, ಮತ್ತೆ ಮಿಣುಕಿತು. ಕಣ್ಣು ಕೀಳದೆ ಅದನ್ನೇ ನೋಡುತ್ತ ಅವನು ಕಾವಲು ಕೂತ.