ನುಂಗಿದ ಸಾಲು

“ಕಾಪಿ! ಬರೀ ಕಾಪಿ!” ಜನ ಕೂಗಿದರು. ಹೆಸರೇ ಕೇಳಿರದ ಈ ಬ್ಯಾಂಡಿನದು ಹೆಸರಾಂತ ಹಳೇ ಬ್ಯಾಂಡೊಂದರದೇ ಧಾಟಿ, ಅದರದೇ ಹಾಡು. ಎಲ್ಲರಿಗಿಂತ ಜೋರಾಗಿ ಕೂಗಿದವರು ರುದ್ರಯ್ಯ. ಮನೆ ಬಿಟ್ಟುಹೋದ ಮಗಳಿಗೆ ಪ್ರಾಣವಾಗಿದ್ದ ಹಾಡದು; ಅದನ್ನು ಯಾರೋ ಕೆಡಿಸುತ್ತಿದ್ದರೆ ಹೇಗೆ ಸಹಿಸುವುದು?

ವೇದಿಕೆಯ ಬುಡಕ್ಕೇ ಹೋಗಿ ಕೈ ಎತ್ತಿದರು. “ಕದಿಯೋದಾದ್ರೆ ಪೂರ್ತಿ ಕದಿಯಮ್ಮ! ಎರಡನೇ ಚರಣದಲ್ಲಿ ಒಂದು ಸಾಲೇ ನುಂಗಿಬಿಟ್ಯಲ್ಲ?”

ಹಾಡುತ್ತಿದ್ದ ಹುಡುಗಿ ಹಾಡು ನಿಲ್ಲಿಸಿ ಅವರತ್ತ ಬಾಗಿದಳು. “ಅಮ್ಮನ ಕ್ಯಾಸೆಟ್ ಕೇಳಿ ಕಲಿತಿದ್ದು ಸರ್, ಅದರಲ್ಲಿ ಆ ಸಾಲಿಲ್ಲ. ತಾತ ಸಿಟ್ಟಲ್ಲಿ ಟೇಪು ಕಿತ್ತು ಹರಿದೆಸೆದಿದ್ರಂತೆ. ಸಿಕ್ಕಿದ ತುಂಡುಗಳನ್ನ ಅಮ್ಮ ನೇಲ್‌ಪಾಲಿಶ್ ಹಚ್ಚಿ ಅಂಟಿಸಿದ್ಳಂತೆ.”

“ಕೆಳಗಿಳೀ!” ಹಿಂದಿನಿಂದ ಕೂಗು ಎದ್ದಿತು.

ರುದ್ರಯ್ಯ ಗಿರ್ರನೆ ತಿರುಗಿದರು. “ಬಾಯ್ಮುಚ್ಚಿ ಕೂತ್ಕೊಳ್ರೋ! ನನ್ನ ಮೊಮ್ಮಗಳು ಹಾಡ್ತಾಳೆ.”